ಪೇಚಕಸ್‌ಗೆ ಕಿವಿ ಕೇಳದ ವರ್ಷ

ಕಳೆದ ತಿಂಗಳು ಗೋಕಾಕದಿಂದ ಮೂಡಲಗಿಗೆ ಟಿಕೀಟು ತೆಗೆಸಿ ಕೂತಿದ್ದ ನಾನು ನಾಗನೂರ ಹತ್ತಿರವೇ ಬಸ್ಸಿನಿಂದ ಇಳಿದುಬಿಟ್ಟೆ. ನಿವೃತ್ತ ಅಧ್ಯಾಪಕನೊಬ್ಬ ದುಡ್ಡು ಕೊಟ್ಟ ದಾರಿಯನ್ನು ಪೂರ್ತಿ ಸವೆಸದೆ ನಡುವೆ ಇಳಿಯುವುದು ಸಾಮಾನ್ಯ ಘಟನೆಯಲ್ಲ. ಕಂಡಕ್ಟರನಿಗೂ ಹಾಗೇ ಅನಿಸಿರಬೇಕು.

“ಯಾಕ್ರಿ ಕಾಕಾ, ಆರಾಮ ಇಲ್ಲೇನು?”

“ಆರಾಮ ಅದೇನಿ ತಮ್ಮಾ. ವಾಸನಿ ಬಂತು, ಇಳೀತೇನಿ.”

ಅವನು ಮೊದಲು ತನ್ನ ಅಂಗಿಯ ತೋಳನ್ನು ಮೂಸಿ ನೋಡಿಕೊಂಡ, ಆಮೇಲೆ ಸೀಟಿ ಊದಿದ.

ವಾಸನೆ ರಸ್ತೆಯಾಚೆಯ ಗಾಣದ್ದು. ಕಬ್ಬಿನ ಹಾಲು ಕಡಾಯಿಯಲ್ಲಿ ಕುದ್ದು, ಬೆಲ್ಲವಾಗಲೋ ಬೇಡವೋ ಎಂದು ಅನುಮಾನಿಸುವ ಹೊತ್ತಿನಲ್ಲಿ ಏಳುವ ವಾಸನೆ. ನಮ್ಮ ಸೀಮೆಯಲ್ಲಿ ಚಳಿಗಾಲವಿಡೀ ಅದು ಇದ್ದೇ ಇರುತ್ತದೆ. ಅದಕ್ಕಾಗಿ ಯಾರೂ ಬಸ್ಸು ಇಳಿಯುವುದಿಲ್ಲ. ಆದರೆ ನನ್ನ ಮೂಗು ಅದರ ಜೊತೆಗೆ, ಅಲ್ಲಿ ಇಲ್ಲದ ಇನ್ನೊಂದು ವಾಸನೆಯನ್ನು ತಾನಾಗಿಯೇ ಸೇರಿಸುತ್ತದೆ: ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ. ಈ ಎರಡೂ ಒಂದಾದದ್ದು ನನ್ನ ಆಯುಷ್ಯದಲ್ಲಿ ಒಂದೇ ಒಂದು ವರ್ಷ. ಆ ವರ್ಷ ನಾನು ಒಂದು ಕಡೆ ನೆಟ್ಟಗೆ ಕೂತದ್ದೂ ಇಲ್ಲ.

ನಾನು ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದವನು. ಆ ವರ್ಷ ಮೇಲಿನವರಿಗೆ ಜ್ಞಾನೋದಯವಾಗಿ, ವಾರಕ್ಕೆ ಮೂರು ದಿನ ಗೋಕಾಕದಲ್ಲಿ, ಮೂರು ದಿನ ಮೂಡಲಗಿಯಲ್ಲಿ ಪಾಠ ಹೇಳತಕ್ಕದ್ದೆಂದು ನನಗೆ ಆದೇಶ ಬಂತು. ಮನೆ ಹುಕ್ಕೇರಿಯಲ್ಲಿ; ಹೆಂಡತಿ ಅಲ್ಲಿನ ಸಾಲೆಯಲ್ಲಿ ಅಕ್ಕೋರು. ಹೀಗೆ ನನ್ನ ದೇಹ ಮೂರು ಊರುಗಳ ಸಾಮೂಹಿಕ ಆಸ್ತಿಯಾಯಿತು. ಚಷ್ಮಾ ಗೋಕಾಕದಲ್ಲಿ, ಹಾಜರಿ ಪುಸ್ತಕ ಮೂಡಲಗಿಯಲ್ಲಿ, ಊಟದ ಡಬ್ಬಿ ಹುಕ್ಕೇರಿಯಲ್ಲಿ, ನಾನು ಘಟಪ್ರಭಾ ಸ್ಟ್ಯಾಂಡಿನಲ್ಲಿ. ಇಂಥ ಬೆಳಗುಗಳು ಎಷ್ಟೋ. ಕೂತರೆ ಬಸ್ಸಿನಲ್ಲಿ ಕೂರಬೇಕು, ನಿಂತರೆ ಬಸ್ಸಿಗಾಗಿ ನಿಲ್ಲಬೇಕು.

ಬಸ್ಸಿಗಿಂತ ಹೆಚ್ಚು ಅಲುಗಾಡಿಸುತ್ತಿದ್ದದ್ದು ಇನ್ನೊಂದು ವಿಚಾರ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಪ್ಪತ್ತೆಂಟು ವರ್ಷ ಹಲಗೆಯ ಮೇಲೆ ಆಂಪ್ಲಿಫಾಯರ್ ಬರೆದಿದ್ದೆ. ಅವುಗಳಲ್ಲಿ ಒಂದಾದರೂ ಹಲಗೆಯಿಂದ ಕೆಳಗಿಳಿದು, ಹೊರಗೆ ಹೋಗಿ, ನಾಲ್ಕು ಜನರ ನಡುವೆ ದುಡಿದು ಹೆಸರು ತಂದದ್ದಿಲ್ಲ. ಎಲ್ಲವೂ ಸಂಜೆ ಡಸ್ಟರಿಗೆ ಆಹುತಿ. ಈ ಯೋಚನೆ ಬಂದಾಗಲೆಲ್ಲ ಎದ್ದು ಓಡಾಡುತ್ತಿದ್ದೆ. ಹುಡುಗರು ಅದನ್ನು ಸಕ್ಕರೆ ಕಾಯಿಲೆ ಎಂದು ತೀರ್ಮಾನಿಸಿದ್ದರು.

ದಸ್ತಗೀರ ಮಿಸ್ತ್ರಿಯ ಪರಿಚಯವಾದದ್ದು ಮೂಡಲಗಿ ಕಾಲೇಜಿನ ನೀರಿನ ಮೋಟರು ಕೆಟ್ಟಾಗ. ಅರವತ್ತು ದಾಟಿದ, ತೆಳ್ಳಗಿನ, ಬಿಳಿ ಗಡ್ಡದ ಮನುಷ್ಯ. ಸುತ್ತಿನ ಹದಿನೈದು ಇಪ್ಪತ್ತು ಬೆಲ್ಲದ ಗಾಣಗಳಿಗೆ ಅವರೇ ಮಿಸ್ತ್ರಿ. ಅವರ ವಿದ್ಯೆಯೆಲ್ಲ ಒಂದು ಪೇಚಕಸ್‌ನಲ್ಲಿತ್ತು. ಸ್ಕ್ರೂಡ್ರೈವರಿಗೆ ನಮ್ಮ ಕಡೆ ಪೇಚಕಸ್ ಎನ್ನುತ್ತಾರೆ. ಇದು ಮೊಳದುದ್ದದ್ದು, ಕಟ್ಟಿಗೆಯ ಹಿಡಿಯದ್ದು, ಅವರ ತಂದೆಯ ಕಾಲದ್ದು. ತುದಿಯನ್ನು ತಿರುಗುವ ಯಂತ್ರದ ಬೇರಿಂಗಿನ ಮೇಲೆ ಊರಿ, ಹಿಡಿಯನ್ನು ಬಲಗಿವಿಯ ಹಿಂದಿನ ಎಲುಬಿಗೆ ಒತ್ತಿ, ಅವರು ಕಣ್ಣು ಮುಚ್ಚುತ್ತಿದ್ದರು. ಒಳಗಿನ ಗುಂಡುಗಳ ಸುಖದುಃಖ ಎಲುಬಿನ ಮೂಲಕ ಅವರಿಗೆ ತಲುಪುತ್ತಿತ್ತು.

ಗಾಣದವರಲ್ಲಿ ಒಂದು ಪದ್ಧತಿಯಿತ್ತು. ಹಂಗಾಮಿನ ಮೊದಲ ದಿನ, ಮತ್ತು ದೊಡ್ಡ ದುರಸ್ತಿಯಾದ ದಿನ, ಗಾಣವನ್ನು ಬರಿದೇ ತಿರುಗಿಸಬೇಕು. ಮಿಸ್ತ್ರಿ ಒಂದೊಂದು ಬೇರಿಂಗಿಗೂ ಪೇಚಕಸ್ ಹಚ್ಚಿ ಕೇಳಬೇಕು. ಕೇಳಿ, “ಹಚ್ರಿ” ಎನ್ನಬೇಕು. ಆಗ ಮಾತ್ರ ಒಲೆಗೆ ಬೆಂಕಿ. ಆ ಒಂದು ಮಾತು ಬೀಳುವವರೆಗೆ ಎಷ್ಟೇ ಟ್ರ್ಯಾಕ್ಟರ್ ಕಬ್ಬು ಬಂದು ನಿಂತಿರಲಿ, ಕಡ್ಡಿ ಗೀರುವವರಿಲ್ಲ.

ಆ ವರ್ಷದ ಹಿಂದಿನ ಹಂಗಾಮಿನಲ್ಲಿ ನಾಗನೂರ ಜಿನ್ನಪ್ಪನ ಗಾಣಕ್ಕೆ ಮಿಸ್ತ್ರಿ “ಹಚ್ರಿ” ಎಂದಿದ್ದರು. ನಾಲ್ಕನೆಯ ದಿನ ಬೇರಿಂಗು ಕಚ್ಚಿಕೊಂಡು, ಕಡಾಯಿ ಅರ್ಧ ಕುದಿಯುವಾಗ ಗಾಣ ನಿಂತಿತು. ತೆಗೆದಿಟ್ಟ ಹಾಲು ಹುಳಿಯಿತು. ಜಿನ್ನಪ್ಪ ಜೈನರ ದೊಡ್ಡ ರೈತ, ಮಿತಭಾಷಿ. ಒಂದು ಮಾತೂ ಆಡಲಿಲ್ಲ. ಮಿಸ್ತ್ರಿಗೆ ತಡೆಯಲಾಗದೆ ಹೋದದ್ದು ಅದೇ. ಬೈದಿದ್ದರೆ ಮರುದಿನವೇ ಮರೆಯುತ್ತಿದ್ದರು.

ದಸರೆ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರು ಮೂಡಲಗಿಯ ನನ್ನ ಲ್ಯಾಬಿಗೆ ಬಂದು, ಬಾಗಿಲು ಮುಂದೆ ಮಾಡಿ, ಪೇಚಕಸ್ಸನ್ನು ಮೇಜಿನ ಮೇಲೆ ರೋಗಿಯನ್ನು ಮಲಗಿಸುವಂತೆ ಮಲಗಿಸಿದರು.

“ಸರ, ಇದಕ್ಕ ಕಿವಿ ಮಂದ ಆಗ್ಯಾವ್ರಿ.”

“ಯಾವುದಕ್ಕ?”

“ಈ ಪೇಚಕಸ್‌ಗ್ರಿ. ನಮ್ಮಪ್ಪನ ಕಾಲದಿಂದ ದುಡದೈತಿ. ಮುಪ್ಪಾತು. ಮೊದಲಿನಂಗ ಕೇಳಸವಲ್ದು ಅದಕ್ಕ.”

ಮುಖ ನೋಡಿದೆ. ನಗೆಯ ಸುಳಿವಿಲ್ಲ. ಅಷ್ಟರೊಳಗೆ ನಾನು ಅವರ ಬಲಬದಿಗೆ ನಿಂತು ಮೂರು ಸಲ ‘ಚಾ ತಗೋತೀರೇನು’ ಎಂದು ಕೇಳಿ, ಮೂರು ಸಲವೂ ‘ಗೋಕಾಕ ಬಸ್ಸು ಲೇಟ್ ಐತ್ರಿ’ ಎಂಬ ಉತ್ತರ ಪಡೆದಿದ್ದೆ. ತಿಳಿಯಿತು. ಎಡಕ್ಕೆ ಬಂದು ಕೂತೆ.

“ಹೊಸಾದೊಂದ ತಗೊಳ್ರಲ್ಲ ಮಿಸ್ತ್ರಿಯವರ.”

“ಹೊಸಾದಕ್ಕ ಗಾಣದ ಮಾತು ತಿಳಿಯಂಗಿಲ್ರಿ.”

“ದವಾಖಾನಿಗೆ ತೋರಸಬೇಕಲ್ಲ.”

“ಪೇಚಕಸ್ ತಗೊಂಡ ದವಾಖಾನಿಗೆ ಹ್ವಾದ್ರ ಡಾಕ್ಟರ್ ಏನ ಅಂದಾನ್ರಿ?” ಎಂದರು. ಆಮೇಲೆ ಧ್ವನಿ ತಗ್ಗಿಸಿ, “ಜಿನ್ನಪ್ಪಣ್ಣ ಈ ವರ್ಷಾನೂ ನನಗ ಬಾ ಅಂದಾನ. ಬ್ಯಾರೇದವರನ್ನ ಕರೀಲಿಲ್ಲ. ಈ ಸಲ ನನ್ನ ಮಾತು ಸುಳ್ಳ ಆತಂದ್ರ, ನಾ ಮುಂದ ಯಾರ ಗಾಣದಾಗೂ ಕಾಲ ಇಡಂಗಿಲ್ರಿ. ಇದು ನಮ್ಮಿಬ್ಬರೊಳಗ ಇರಲಿ. ಪೇಚಕಸ್‌ದು ಮರ್ಯಾದಿ ಪ್ರಶ್ನೆ” ಎಂದರು.

ಅಂದಿನಿಂದ ನಮ್ಮ ನಡುವೆ ಕಿವುಡಾಗಿದ್ದದ್ದು ಪೇಚಕಸ್ಸು. ಈ ಒಪ್ಪಂದವನ್ನು ಇಬ್ಬರೂ ಕೊನೆಯವರೆಗೂ ಮುರಿಯಲಿಲ್ಲ.

ಇಪ್ಪತ್ತೆಂಟು ವರ್ಷ ಕಾದ ಕೆಲಸ ಬಾಗಿಲು ಮುಂದೆ ಮಾಡಿಕೊಂಡು ತಾನಾಗಿಯೇ ಬಂದಿತ್ತು. ಕೆಟ್ಟ ಅಲಾರಂ ಗಡಿಯಾರದಿಂದ ಹಿತ್ತಾಳೆಯ ಸಣ್ಣ ಬಿಲ್ಲೆಯೊಂದನ್ನು ಕಿತ್ತು, ಪೇಚಕಸ್ಸಿನ ಹಿಡಿಯ ತಲೆಗೆ ಕೂರಿಸಿದೆ. ಅದುರಿದರೆ ಆ ಬಿಲ್ಲೆ ಇಷ್ಟೇ ಇಷ್ಟು ವಿದ್ಯುತ್ ಕೊಡುತ್ತದೆ. ಅದು ನಾಚಿಕೆಯ ಸ್ವಭಾವದ್ದು. ಕೇಳುವವನು ಹತ್ತಿರ ಬಂದು ಕೈ ಹಿಡಿದು ಕೇಳಿದರೆ ಬಾಯಿ ಮುಚ್ಚಿಬಿಡುತ್ತದೆ. ಮುಟ್ಟದೆ ಕೇಳುವ ಶಿಷ್ಟಾಚಾರ ಆಪ್-ಆಂಪಿಗೆ ಚೆನ್ನಾಗಿ ಗೊತ್ತು.

ಆಪ್-ಆಂಪ್ ಎಂದರೆ ಎಂಟು ಕಾಲಿನ, ಕಡಲೆಬೀಜದಷ್ಟು ಗಾತ್ರದ ಕರಿಯ ಪ್ರಾಣಿ. ಹುಟ್ಟಿನಿಂದಲೇ ಉತ್ಪ್ರೇಕ್ಷೆಯ ಜಾತಿ. ಸಾಸಿವೆಯಷ್ಟು ಕೇಳಿಸಿದರೆ ಲಕ್ಷ ಪಟ್ಟು ಮಾಡಿ ಹೇಳುತ್ತದೆ. ಅದನ್ನು ಹದಕ್ಕೆ ತರುವ ಉಪಾಯ ಒಂದೇ: ಅದು ಆಡಿದ ಮಾತನ್ನು ಒಂದು ರೆಸಿಸ್ಟರಿನ ಮೂಲಕ ಅದರ ಕಿವಿಗೇ ತಿರುಗಿ ಹಾಕುವುದು. ತನ್ನ ಮಾತು ತಾನೇ ಕೇಳಿಸಿಕೊಂಡಾಗ ಅದು ನಾಲಿಗೆ ಬಿಗಿಹಿಡಿಯುತ್ತದೆ. ಈ ರೆಸಿಸ್ಟರಿಗೆ ನಾನು ತರಗತಿಯಲ್ಲಿ ಲಗಾಮು ಎನ್ನುತ್ತಿದ್ದೆ. ಮನುಷ್ಯರಿಗೂ ಇದು ಒಗ್ಗೀತು. ಆದರೆ ಆ ಅಳತೆಯ ರೆಸಿಸ್ಟರು ಗೋಕಾಕದ ಅಂಗಡಿಗಳಲ್ಲಿ ಸಿಗುವುದಿಲ್ಲ.

ಧ್ವನಿ ಹೆಚ್ಚು ಕಡಿಮೆ ಮಾಡಲು ರೇಡಿಯೋಕ್ಕೆ ಇರುವಂಥ ತಿರುಗುಗುಂಡಿಯೊಂದನ್ನು ಇಟ್ಟು ಮೊದಲ ಪೆಟ್ಟಿಗೆ ಮಾಡಿದೆ. ಕಿವಿಗೆ ಒಂದು ಇಯರ್‌ಫೋನು. ಮಿಸ್ತ್ರಿ ಎಡಗಿವಿಗೆ ಹಾಕಿಕೊಂಡು ಲ್ಯಾಬಿನ ಫ್ಯಾನಿನ ಮೋಟರು ಕೇಳಿದರು. ಗುಂಡಿಯನ್ನು ಅತ್ತ ಇತ್ತ ತಿರುಗಿಸಿದರು. ತೆಗೆದಿಟ್ಟರು.

“ಕೇಳಸ್ತೈತ್ರಿ. ಆದ್ರ ಉಪಯೋಗ ಇಲ್ರಿ.”

“ಯಾಕ?”

“ನಿನ್ನೆ ಕೇಳಿದ ಬೇರಿಂಗು ಇವತ್ತ ಜೋರ ಐತಿ ಅಂದ್ರ, ಬೇರಿಂಗು ಕೆಟ್ಟೈತೋ ನಾ ಗುಂಡಿ ಜಾಸ್ತಿ ತಿರುವೇನೋ? ಸೇರು ಅಂದ್ರ ಸೇರ ಇರಬೇಕ್ರಿ ಸರ. ಇವತ್ತೊಂದ ಸೇರು, ನಾಳೆ ಒಂದ ಸೇರು ಆದ್ರ ಅಳಿಯೂದು ಹ್ಯಾಂಗ?”

ನಾನು ಪಠ್ಯದಲ್ಲಿ ‘ಆಯ್ಕೆಗೊಳಪಡುವ ನಿಶ್ಚಿತ ವರ್ಧನೆ’ ಎಂದು ಹುಡುಗರಿಗೆ ಬರೆಸುತ್ತಿದ್ದೆ. ಅದು ಏಕೆ ಬೇಕೆಂದು ಹುಡುಗರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಮಿಸ್ತ್ರಿಯ ಸೇರಿನ ಮುಂದೆ ತಲೆ ಬಾಗಿಸಿ ಗುಂಡಿ ಕಿತ್ತುಹಾಕಿದೆ. ಅದರ ಜಾಗಕ್ಕೆ ಕಟಕ್ ಕಟಕ್ ಎಂದು ಮೂರೇ ಕಡೆ ನಿಲ್ಲುವ ರೋಟರಿ ಸ್ವಿಚ್ಚು ಬಂತು: ಹತ್ತು ಪಟ್ಟು, ಐವತ್ತು ಪಟ್ಟು, ಇನ್ನೂರು ಪಟ್ಟು. ಮೂರಕ್ಕೆ ಮೂರು ಲಗಾಮು. ಸ್ವಿಚ್ಚು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ.

ಅಂಕಿಗಳು ಮಿಸ್ತ್ರಿಗೆ ಹಿಡಿಸಲಿಲ್ಲ, ತಾವೇ ಹೆಸರಿಟ್ಟರು. ಗದ್ದಲ ಮಾಡುವ ಮೋಟರಿಗೆ ಹತ್ತು ಪಟ್ಟು ಸಾಕು, ಅದು ‘ಬಾಜಾರ’. ಕಬ್ಬು ಹಿಂಡುವ ಮುಂದಿನ ರೋಲಿಗೆ ಐವತ್ತು, ಅದು ‘ಮನಿ’. ಹಿಂದಿನ ರೋಲು ಮೆಲ್ಲಗೆ ತಿರುಗುತ್ತದೆ, ಅದರ ಬೇರಿಂಗು ಕೆಟ್ಟರೂ ಪಿಸುಗುಟ್ಟುತ್ತದೆ. ಅದಕ್ಕೆ ಇನ್ನೂರು. “ಅದು ಮಸೂತಿ ಇದ್ದಂಗ್ರಿ. ಅಲ್ಲಿ ಸೂಜಿ ಬಿದ್ರೂ ಕೇಳಸಬೇಕು” ಎಂದರು. ಪೆಟ್ಟಿಗೆಯ ಮೇಲೆ ಬ್ಯಾಂಡೇಜು ಪಟ್ಟಿ ಅಂಟಿಸಿ ನಾನು ಹಾಗೆಯೇ ಬರೆದೆ.

ಎರಡನೆಯ ಪರೀಕ್ಷೆಯ ದಿನ ಮಿಸ್ತ್ರಿ ಬಾಜಾರದಲ್ಲಿಟ್ಟು ಫ್ಯಾನು ಕೇಳಿ ತಲೆಯಾಡಿಸಿದರು. ಮನಿಗೆ ತಿರುವಿದರು.

ಇಯರ್‌ಫೋನಿನಿಂದ ಹೊರಟ ‘ಢಬ್’ ಎಂಬ ಸದ್ದು ಮೇಜಿನಾಚೆ ಕೂತ ನನಗೂ ಕೇಳಿಸಿತು. ಮಿಸ್ತ್ರಿ ಅದನ್ನು ಕಿತ್ತೆಸೆದು, ಎಡಗಿವಿ ಮುಚ್ಚಿಕೊಂಡು ಬಾಗಿ ಕೂತರು. ಬಹಳ ಹೊತ್ತು ಏಳಲಿಲ್ಲ. ಆಮೇಲೆ ಎದ್ದು, ಟೋಪಿ ಸರಿಮಾಡಿಕೊಂಡು, “ಪೇಚಕಸ್‌ಗ ಭಾಳ ನೋವಾತ್ರಿ ಸರ” ಎಂದು ಹೇಳಿ ಹೊರಟುಹೋದರು. ಪೇಚಕಸ್ಸನ್ನು ಮೇಜಿನ ಮೇಲೆಯೇ ಬಿಟ್ಟಿದ್ದರು.

ನಾಲ್ಕು ದಿನ ಫೋನು ಎತ್ತಲಿಲ್ಲ. ಫೋನು ಎತ್ತದಿರುವುದು ಅವರಿಗೆ ರೂಢಿಯೇ; ‘ನೆಟ್‌ವರ್ಕ್ ಇಲ್ರಿ’ ಎನ್ನುವರು. ಐದನೆಯ ದಿನ ಮನೆಗೆ ಹೋದೆ. ಬಾಗಿಲಲ್ಲಿ ಅವರ ಹೆಂಡತಿ ಹಲೀಮಾಬಿ.

“ಸರ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ, ಬರ್ರಿ ಕುಂಡ್ರರಿ” ಎಂದು ಕುರ್ಚಿ ಕೊಟ್ಟು, ಕೂತ ಮೇಲೆ ಸಿಟ್ಟಾದರು. “ಪೇಚಕಸ್ ಅಂತ ಪೇಚಕಸ್. ಅವರಿಗೆ ಬಲಗಿವಿ ಪೂರ್ತಿ ಹೋಗಿ ಎರಡ ವರ್ಷಾತು. ಎಡಗಿವಿ ಅರ್ಧ ಐತಿ. ಆ ಅರ್ಧಾ ನಾ ಹಾಲಿನ ಗಡಿಗಿ ಕಾದಂಗ ಕಾಯಾಕತ್ತೇನಿ. ನೀವ್ ಬಂದು ಅದರಾಗ ಪಟಾಕಿ ಹೊಡದ್ರಿ. ನಾಕ ದಿನದಿಂದ ಕಿವ್ಯಾಗ ಗುಂಯ್ ಅಂತೈತಂತ, ನಿದ್ದಿ ಇಲ್ಲ.”

ಒಳಗೆ ಮಿಸ್ತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅರ್ಧ ಕಿವಿಯನ್ನು ನಂಬಿ ನನ್ನ ಕೈಗೆ ಕೊಟ್ಟವರು.

ಅಂದು ಮೂಡಲಗಿಯಿಂದ ಹುಕ್ಕೇರಿ ಮುಟ್ಟುವವರೆಗೆ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಮನೆಯಲ್ಲಿ ಪೆಟ್ಟಿಗೆ ಬಿಚ್ಚಿ, ಮೀಟರ್ ಹಚ್ಚಿ, ಸ್ವಿಚ್ಚನ್ನು ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ತಿರುಗಿಸಿದೆ. ಬಾಜಾರವನ್ನು ಬಿಟ್ಟಿತು. ಮನಿಯನ್ನು ಇನ್ನೂ ಹಿಡಿದಿಲ್ಲ. ಆ ನಡುವಿನ ಸಂದಿಯಲ್ಲಿ ಮೀಟರಿನ ಮುಳ್ಳು ಹಾರಿ ಕೊನೆಗೆ ಬಡಿಯಿತು. ಹಳೆಯ ಲಗಾಮು ಕೈಬಿಟ್ಟು, ಹೊಸ ಲಗಾಮು ಕೈಗೆ ಬರುವ ಮುನ್ನ, ಕಣ್ಣು ಮಿಟುಕಿಸುವಷ್ಟು ಹೊತ್ತು ಆ ಎಂಟು ಕಾಲಿನ ಪ್ರಾಣಿಗೆ ಲಗಾಮೇ ಇರಲಿಲ್ಲ. ಅಷ್ಟರಲ್ಲಿ ಅದು ತನ್ನ ಲಕ್ಷ ಪಟ್ಟು ಸುಳ್ಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿತ್ತು.

ಇದು ಹೊಸ ಶೋಧವಾಗಿದ್ದರೆ ಸಮಾಧಾನವಿರುತ್ತಿತ್ತು. ‘ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಸ್ವಿಚ್ಚಿನಿಂದಾಗುವ ದೋಷವನ್ನು ವಿವರಿಸಿ’ ಎಂಬುದು ನಾನೇ ತಪ್ಪದೆ ಹಾಕುತ್ತಿದ್ದ ನಾಲ್ಕು ಅಂಕದ ಪ್ರಶ್ನೆ. ಹುಡುಗರು ಸರಿಯಾಗಿ ಬರೆಯುತ್ತಿದ್ದರು. ನಾನು ನಾಲ್ಕಕ್ಕೆ ನಾಲ್ಕು ಕೊಟ್ಟು, ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದೂ ಬರೆದಿದ್ದೆ.

ಹೆಂಡತಿ ಚಹಾ ತಂದಿಟ್ಟು, ನಡೆದದ್ದು ಕೇಳಿ, “ಇಪ್ಪತ್ತೆಂಟ ವರ್ಷ ಮಂದಿಗೆ ಕಲಿಸೀರಿ. ಒಂದ ದಿನಾನೂ ನೀವು ಆ ಕ್ಲಾಸಿನ್ಯಾಗ ಕುಂತಿಲ್ಲ ಅನ್ರಿ ಹಂಗಾದ್ರ” ಎಂದಳು.

ಪೆಟ್ಟಿಗೆಯನ್ನು ಹೊಸದಾಗಿ ಕಟ್ಟಿದೆ. ಲಗಾಮು ಈಗ ಒಂದೇ, ಶಾಶ್ವತವಾಗಿ ಬೆಸೆದದ್ದು; ಸ್ವಿಚ್ಚು ಅದನ್ನು ಮುಟ್ಟುವಂತೆಯೇ ಇಲ್ಲ. ಲಗಾಮಿನ ಬುಡದಿಂದ ನೆಲದ ತಂತಿಗೆ ಇಳಿಯುವ ಇನ್ನೊಂದು ರೆಸಿಸ್ಟರು ಇರುತ್ತದೆ. ಅದು ಚಿಕ್ಕದಾದಷ್ಟೂ ಪಟ್ಟು ಹೆಚ್ಚು. ಸ್ವಿಚ್ಚು ಬದಲಿಸುವುದು ಇನ್ನು ಅದನ್ನು ಮಾತ್ರ. ಈಗ ಸಂದಿಯಲ್ಲಿ ಏನಾಗುತ್ತದೆ? ನೆಲದ ದಾರಿ ಕಡಿಯುತ್ತದೆ, ಲಗಾಮು ಇರುತ್ತದೆ. ಆಪ್-ಆಂಪ್ ಕೇಳಿದ್ದನ್ನು ಕೇಳಿದಷ್ಟೇ ಹೇಳುತ್ತದೆ, ಒಂದಕ್ಕೆ ಒಂದು. ಗೊಂದಲದ ಗಳಿಗೆಯಲ್ಲಿ ಉತ್ಪ್ರೇಕ್ಷೆಯ ಬದಲು ಸತ್ಯ. ಸಾಲದೆಂಬಂತೆ, ಇಯರ್‌ಫೋನಿನ ಬಾಗಿಲಿಗೆ ಎರಡು ಡಯೋಡುಗಳನ್ನು ಕಾವಲು ನಿಲ್ಲಿಸಿದೆ: ಒಳಗೆ ಏನೇ ಅನಾಹುತವಾದರೂ ಅಳತೆ ಮೀರಿದ ಸದ್ದು ಹೊರಗೆ ಬರಕೂಡದು.

ಆಮೇಲೆ ಎರಡು ದಿನ ನನ್ನ ಕಿವಿಗೇ ಹಾಕಿಕೊಂಡು ಸ್ವಿಚ್ಚು ತಿರುಗಿಸುತ್ತ ಊರೂರು ಅಲೆದೆ. ಹುಕ್ಕೇರಿಯಲ್ಲಿ ಕಟಕ್, ಗೋಕಾಕದಲ್ಲಿ ಕಟಕ್. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಮಿಸ್ತ್ರಿ ಪೆಟ್ಟಿಗೆಯನ್ನು ದೂರದಿಂದಲೇ ನೋಡಿ, “ಮೊದಲ ನೀವ ಹಾಕ್ಕೊರಿ” ಎಂದರು. ಅವರ ಮುಂದೆ ಐವತ್ತು ಸಲ ತಿರುಗಿಸಿದೆ. ಹಲೀಮಾಬಿ ಎಣಿಸಿದರು. ಆಮೇಲೆ ತಾವೂ ಹಾಕಿಕೊಂಡು ಹತ್ತು ಸಲ ತಿರುಗಿಸಿ, ಗಂಡನ ಎಡಬದಿಗೆ ಬಂದು, “ಹಾಕ್ಕೊರಿ, ನಾ ನೋಡೇನಿ” ಎಂದರು. ಆಗ ಅವರು ಹಾಕಿಕೊಂಡರು. ಮಸೂತಿಯಲ್ಲಿಟ್ಟು ಪೇಚಕಸ್ಸನ್ನು ಗೋಡೆಗೆ ಹಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಬದಲಾಯಿತು.

“ಆಚೆ ಮನ್ಯಾಗ ಯಾರೋ ಮಸಾಲಿ ಅರಿಯಾಕತ್ತಾರ” ಎಂದರು.

ಹಂಗಾಮು ಮಾತ್ರ ಸುರುವಾಗಲೊಲ್ಲದು. ಅಡ್ಡಮಳೆ ಹಿಡಿದು ಹೊಲದಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಕೆಸರು, ಕಬ್ಬು ಕಡಿಯುವಂತಿಲ್ಲ. ದಿನಾ ಬೆಳಗಾದರೆ ಇವತ್ತೋ ನಾಳೆಯೋ. ನಾನು ಗೋಕಾಕದಲ್ಲಿ ಪಾಠ ಮಾಡುತ್ತ ಕಿಟಕಿಯಿಂದ ಮೋಡ ನೋಡುತ್ತಿದ್ದೆ. ಹುಡುಗರು ಸಕ್ಕರೆ ಹೆಚ್ಚಾಗಿದೆ ಎಂದುಕೊಂಡರು.

ಕಡೆಗೂ ಬಿಸಿಲು ಬಿದ್ದು, ನೆಲ ಬಿಗಿದು, ಜಿನ್ನಪ್ಪ ದಿನ ಗೊತ್ತುಮಾಡಿದ. ಹಿಂದಿನ ಸಂಜೆ ಮಿಸ್ತ್ರಿ ಲ್ಯಾಬಿಗೆ ಬಂದರು. ಪೆಟ್ಟಿಗೆ ಜೇಬಿನಿಂದ ಜಾರಿ ಬಿದ್ದು, ಬಿಲ್ಲೆಯ ತಂತಿ ಪೆಟ್ಟಿಗೆಯ ಬುಡದಲ್ಲೇ ಕಿತ್ತಿತ್ತು. ಆತುರಾತುರವಾಗಿ ಬೆಸುಗೆ ಹಾಕಿಕೊಟ್ಟೆ. ಕೊನೆಯ ಬಸ್ಸಿನ ಹೊತ್ತು. ಬೆಸುಗೆ ಹೊಳೆಯಲಿಲ್ಲ, ಸ್ವಲ್ಪ ಮಂಕಾಗಿತ್ತು. ಮಂಕಾದ ಬೆಸುಗೆ ಒಳಗೊಳಗೆ ಬಿಟ್ಟಿರಬಹುದು, ಆಗ ಅದು ತಾನೇ ‘ಕರ್ ಕರ್’ ಎನ್ನುತ್ತದೆ ಎಂದು ಅವರಿಗೂ ಹೇಳಿದೆ. ಬಸ್ಸು ಹತ್ತಿದ ಮೇಲೆ ಅದನ್ನು ಇನ್ನೊಮ್ಮೆ ಕಾಯಿಸಬೇಕಿತ್ತು ಅನಿಸಿತು. ಇಳಿಯುವಷ್ಟರಲ್ಲಿ ಘಟಪ್ರಭಾ ಬಂದಿತ್ತು.

ಮರುದಿನ ಬೆಳಗಿನ ಚಳಿಯಲ್ಲಿ ಜಿನ್ನಪ್ಪನ ಗಾಣದಲ್ಲಿ ಇಪ್ಪತ್ತು ಮೂವತ್ತು ಜನ. ಕಬ್ಬು ಹೇರಿದ ಮೂರು ಟ್ರ್ಯಾಕ್ಟರು. ಒಲೆಯಲ್ಲಿ ಒಣಗಿದ ಸಿಪ್ಪೆ ತುಂಬಿ ಕಡ್ಡಿಪೆಟ್ಟಿಗೆ ಹಿಡಿದು ಕೂತ ಒಲೆಯವ. ಮಿಸ್ತ್ರಿ ತಲೆಗೆ ಕಿವಿಗೆ ಸೇರಿಸಿ ದಪ್ಪ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಅದರೊಳಗೆ ಇಯರ್‌ಫೋನು, ಕೋಟಿನ ಜೇಬಿನಲ್ಲಿ ಪೆಟ್ಟಿಗೆ, ಜೇಬಿನೊಳಗೆ ಎಡಗೈ, ತೋಳಿನೊಳಗೆ ತಂತಿ. ಚಳಿಗಾಲ ಗುಟ್ಟುಗಳಿಗೆ ಅನುಕೂಲವಾದ ಋತು. ಜಿನ್ನಪ್ಪ ಬಂದು ಅವರ ಎಡಕ್ಕೆ ನಿಂತು, “ನೋಡ್ರಿ ಮಿಸ್ತ್ರಿ” ಎಂದಷ್ಟೇ ಹೇಳಿದ.

ಗಾಣ ಬರಿದೇ ತಿರುಗತೊಡಗಿತು. ಮೋಟರಿಗೆ ಪೇಚಕಸ್ ಹಚ್ಚಿದರು, ಬಾಜಾರ. ಸರಿ. ಮುಂದಿನ ರೋಲು; ಮನಿ. ಸರಿ. ಹಿಂದಿನ ರೋಲು, ಜೇಬಿನೊಳಗೆ ಕೈ ಅಲುಗಿತು, ಮಸೂತಿ. ಮಿಸ್ತ್ರಿ ಕಣ್ಣು ಮುಚ್ಚಿದರು. ಮುಚ್ಚಿದವರು ತೆರೆಯಲಿಲ್ಲ. ಹುಬ್ಬು ಗಂಟಾಯಿತು. ಆಮೇಲೆ ಕಣ್ಣು ತೆರೆದು, ಅಷ್ಟು ಜನರ ನಡುವೆ ನೇರವಾಗಿ ನನ್ನನ್ನು ನೋಡಿದರು.

ಏನು ಕೇಳುತ್ತಿದ್ದಾರೆಂದು ಗೊತ್ತಾಯಿತು. ಒಳಗೆ ‘ಕರ್ ಕರ್’ ಎನ್ನುತ್ತಿದೆ. ಅದು ಗಾಣದ ಬೇರಿಂಗೋ, ನಿಮ್ಮ ಬೆಸುಗೆಯೋ?

ಪೆಟ್ಟಿಗೆ ತೆಗೆಸಿ ನೋಡಿದರೆ ಗುಟ್ಟು ಊರ ಮುಂದೆ. ಸುಮ್ಮನಿದ್ದರೆ, ಬೆಸುಗೆಯನ್ನು ನಂಬಿ ಒಳ್ಳೆಯ ಬೇರಿಂಗು ಬಿಚ್ಚಿಸಿಯಾರು, ಇಲ್ಲವೆ ನಂಬದೆ ಕೆಟ್ಟದ್ದಕ್ಕೆ ‘ಹಚ್ರಿ’ ಎಂದಾರು. ಎರಡರಲ್ಲಿ ಯಾವುದಾದರೂ ಅವರ ಮಾತು ಅಂದಿಗೆ ಮುಗಿಯಿತು. ಬೇಕಾಗಿದ್ದದ್ದು ಸದ್ದೇ ಇಲ್ಲದ ಒಂದು ವಸ್ತು. ಅದಕ್ಕೆ ಹಚ್ಚಿದಾಗಲೂ ಕರ್ ಎಂದರೆ ತಪ್ಪು ಪೆಟ್ಟಿಗೆಯದು. ಸುತ್ತ ನೋಡಿದೆ. ಗಾಣದಿಂದ ದೂರ, ಹೊಲದ ಬದುವಿನ ಮೇಲೆ ಒಂದು ಬೇವಿನ ಮರವಿತ್ತು.

“ಮಿಸ್ತ್ರಿಯವರ,” ಎಂದೆ ಗಟ್ಟಿಯಾಗಿ, “ಆ ಬೇವಿನ ಗಿಡಾ ಒಂದೀಟ ನೋಡ್ರಲ್ಲ.”

ಮೂವತ್ತು ಜನ ನನ್ನತ್ತ ತಿರುಗಿದರು. ಓದಿದವರಿಗೆ ಹೀಗೆ ಆಗುವುದುಂಟು ಎಂಬ ಕನಿಕರ ಕೆಲವರ ಮುಖದಲ್ಲಿತ್ತು. ಮಿಸ್ತ್ರಿ ಮಾತ್ರ ಒಂದು ಕ್ಷಣ ನಿಂತು, ತಲೆಯಾಡಿಸಿ, ಪೇಚಕಸ್ ಎತ್ತಿಕೊಂಡು ಗಂಭೀರವಾಗಿ ಬದುವಿನ ಕಡೆ ನಡೆದರು. ಮರದ ಬೊಡ್ಡೆಗೆ ತುದಿ ಊರಿದರು. ಹಿಡಿಯನ್ನು ಬಲಗಿವಿಯ ಹಿಂದೆ ಒತ್ತಿದರು. ಕಣ್ಣು ಮುಚ್ಚಿದರು. ಬೆಸುಗೆ ಬಿಟ್ಟಿದ್ದರೆ ಈಗಲೇ ಕರ್ ಎನ್ನಲಿ ಎಂದು ಜೇಬಿನೊಳಗಿನ ಕೈ ಪೆಟ್ಟಿಗೆಯನ್ನು ಬೇಕೆಂತಲೇ ಕುಲುಕುವುದು ನನಗೊಬ್ಬನಿಗೇ ಕಾಣುತ್ತಿತ್ತು. ಹಿಂದೆ ಹೋದವರಲ್ಲಿ ಒಬ್ಬ ಮುದುಕ ಚಪ್ಪಲಿ ಕಳಚಿದ. ಅವನನ್ನು ನೋಡಿ ಇನ್ನಿಬ್ಬರು ಕಳಚಿದರು.

“ಗಿಡಕ್ಕ ಯಾಕ್ರಿ?” ಎಂದ ಯಾರೋ.

“ಮೊದಲ ಅದನ್ನ ಕೇಳಬೇಕಾಗತೈತಿ” ಎಂದರು ಮಿಸ್ತ್ರಿ.

ತಿರುಗಿ ಬಂದು ಹಿಂದಿನ ರೋಲಿಗೆ ಮತ್ತೊಮ್ಮೆ ಹಚ್ಚಿ, ನೆಟ್ಟಗೆ ನಿಂತು, “ಬ್ಯಾಡ್ರಿ. ಇದನ್ನ ಬಿಚ್ರಿ” ಎಂದರು.

ಗುಜುಗುಜು ಎದ್ದಿತು. “ಹ್ವಾದ ವರ್ಷ ಹಚ್ಚು ಅಂದ, ಮುರೀತು. ಈ ವರ್ಷ ಬೆಣ್ಣಿಯಂಗ ತಿರಗಾಕತ್ತೈತಿ, ಬ್ಯಾಡ ಅಂತಾನ” ಎಂದ ಒಲೆಯವ, ಬಲಬದಿಯಿಂದ. ಜಿನ್ನಪ್ಪ ಟ್ರ್ಯಾಕ್ಟರುಗಳನ್ನು ನೋಡಿದ. ಕಡಾಯಿ ನೋಡಿದ. ಮಿಸ್ತ್ರಿಯನ್ನು ನೋಡಿದ.

“ಬಿಚ್ರಪಾ” ಎಂದ.

ಬಿಚ್ಚುವುದಕ್ಕೆ ಮಧ್ಯಾಹ್ನವಾಯಿತು. ಅಲ್ಲಿಯವರೆಗೆ ನಾನು ಗಾಣದ ಸುತ್ತ ಎಷ್ಟು ಸುತ್ತು ಹಾಕಿದೆನೆಂದರೆ, ನನಗೊಂದು ನೊಗ ಕಟ್ಟಿದ್ದರೆ ಎರಡು ಕೊಡ ಹಾಲು ಬರುತ್ತಿತ್ತು. ಬೇರಿಂಗು ಹೊರಬಂತು. ಒರೆಸಿದರು. ಹೊರಗೆ ಏನೂ ಇಲ್ಲ. ಜಿನ್ನಪ್ಪ ಅದನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿದ. ಗುಂಡುಗಳನ್ನು ಹಿಡಿದಿಡುವ ಒಳಬಳೆಯಲ್ಲಿ ಕೂದಲಷ್ಟು ತೆಳ್ಳಗಿನ ಬಿರುಕು, ಈ ಕಡೆಯಿಂದ ಆ ಕಡೆಗೆ.

ಜಿನ್ನಪ್ಪ ಬೇರಿಂಗನ್ನು ಮಿಸ್ತ್ರಿಯ ಅಂಗೈಯಲ್ಲಿಟ್ಟು, ಅದರ ಮೇಲೆ ತನ್ನ ಕೈಯನ್ನು ಸ್ವಲ್ಪ ಹೊತ್ತು ಇಟ್ಟ.

ಗೋಕಾಕದಿಂದ ಹೊಸ ಬೇರಿಂಗು ತರಿಸಿ ಹಾಕಿ, ಹೊತ್ತು ಇಳಿಯುವಾಗ ಮಿಸ್ತ್ರಿ ಇನ್ನೊಮ್ಮೆ ಕೇಳಿದರು. “ಹಚ್ರಿ” ಎಂದರು. ಒಲೆ ಹೊತ್ತಿತು. ಮೊದಲ ಕಡಾಯಿ ಕುದ್ದಾಗ ಬಂದ ವಾಸನೆಗೆ ನನ್ನ ಬೆರಳುಗಳ ರಾಳದ ವಾಸನೆ ಸೇರಿದ್ದು ಆಗಲೇ. ಹೊರಡುವಾಗ ಮಿಸ್ತ್ರಿ ಹತ್ತಿರ ಬಂದು, “ಪೇಚಕಸ್‌ಗ ಕಿವಿ ಬಂದಾವ್ರಿ ಸರ. ನಿಮ್ಮ ಬೆಸಿಗಿನೂ ಛಲೋ ಐತಿ, ಗಿಡಾ ಸಾಕ್ಷಿ ಹೇಳೈತಿ” ಎಂದರು. ನನ್ನ ಕೆಲಸಕ್ಕೆ ಸಿಕ್ಕ ಪ್ರಮಾಣಪತ್ರ ಅದೊಂದೇ. ಅದೂ ಬೇವಿನದು.

ಇನ್ನೂ ಮೂರು ಹಂಗಾಮು ಅವರು ಆ ಪೆಟ್ಟಿಗೆಯಿಂದ ದುಡಿದರು, ಪ್ರತಿ ಸಲವೂ ಮೊದಲು ಒಂದು ಮರಕ್ಕೆ ಹಚ್ಚಿ ಬೆಸುಗೆ ಪರೀಕ್ಷಿಸಿಕೊಂಡೇ. ಆಮೇಲೆ ಮೊಣಕಾಲು ಹಿಡಿದು ಮನೆಯಲ್ಲಿ ಕೂತರು. ಈಗ ಎರಡೂ ಕಿವಿಗೆ ದವಾಖಾನೆಯ ಯಂತ್ರ ಬಂದಿದೆ. “ಇದರಾಗ ಬಾಜಾರ, ಮನಿ, ಮಸೂತಿ ಎಲ್ಲಾ ಒಂದ ಆಗ್ಯಾವ್ರಿ” ಎಂದು ಅದನ್ನು ತೆಗೆದಿಡುತ್ತಾರೆ.

ಕಳೆದ ತಿಂಗಳು ನಾನು ಇಳಿದು ಹೋದದ್ದು ಜಿನ್ನಪ್ಪನ ಗಾಣಕ್ಕೇ. ಹೊಸ ಮಿಸ್ತ್ರಿ ಬಂದಿದ್ದಾನೆ, ಮಮದಾಪುರದ ಮಾರುತಿ, ನಲವತ್ತರ ಗಟ್ಟಿ ಆಳು. ಎರಡು ಕಡಾಯಿಗಳಲ್ಲಿ ಒಂದು ಮೊದಲೇ ತೆಗೆದಿಟ್ಟ ಹಾಲಿನಲ್ಲಿ ಕುದಿಯುತ್ತಿತ್ತು. ಗಾಣ ಮಾತ್ರ ನಿಂತಿತ್ತು. ಬೇರಿಂಗು ಬದಲಿಸಿ ಆಗಷ್ಟೇ ತಿರುಗಿಸಲು ಸಜ್ಜಾಗಿದ್ದರು. ಜಿನ್ನಪ್ಪನಿಗೆ ಈಗ ಕೋಲು ಬಂದಿದೆ. ನನ್ನನ್ನು ಕಂಡು ಕೈ ಎತ್ತಿದ, ಮಾರುತಿಯ ಎಡಕ್ಕೆ ಹೋಗಿ ನಿಂತ.

“ಜಿನ್ನಪ್ಪಣ್ಣಾ, ಇವನಿಗೆ ಎರಡೂ ಕಿವಿ ಛಲೋ ಅದಾವಲ್ಲ?” ಎಂದೆ ಮೆಲ್ಲಗೆ.

“ಅದಾವ್ರಿ. ಎಡಕ್ಕ ನಿಂದ್ರೂದು ರೂಢಿ ಬಿದ್ದೈತಿ.”

“ಯಾವಾಗಿಂದ?”

“ನಿಮ್ಮ ಪೆಟ್ಟಿಗಿ ಬರೂಕಿಂತ ಮೊದಲಿಂದ” ಎಂದು, ಕುದಿಯುವ ಕಡಾಯಿಯ ಕಡೆ ಮುಖ ತಿರುಗಿಸಿದ.

ಅಷ್ಟರಲ್ಲಿ ಮಾರುತಿ ಪೇಚಕಸ್ ಎತ್ತಿಕೊಂಡ. ಸಾದಾ ಪೇಚಕಸ್, ತಂತಿಯಿಲ್ಲ, ಬಿಲ್ಲೆಯಿಲ್ಲ. ಗಾಣದ ಕಡೆ ಹೋಗಲಿಲ್ಲ. ನೆಟ್ಟಗೆ ಬದುವಿಗೆ ನಡೆದು, ಚಪ್ಪಲಿ ಕಳಚಿ, ಬೇವಿನ ಬೊಡ್ಡೆಗೆ ತುದಿ ಊರಿ, ಹಿಡಿಯನ್ನು ಕಿವಿಗೆ ಕೊಟ್ಟು ಕಣ್ಣು ಮುಚ್ಚಿದ. ಎಡಗೈಯನ್ನು ಜೇಬಿನಲ್ಲಿಟ್ಟು ಮೆಲ್ಲಗೆ ಕುಲುಕಿದ. ಜೇಬಿನಲ್ಲಿ ಏನೂ ಇರಲಿಲ್ಲ.

ಎಲ್ಲರೂ ಕಾದರು. ನಾನೂ ಕಾದೆ. ಅವನು ಮರಳುವಾಗ ತಡೆಯಲಾಗದೆ ಕೇಳಿದೆ.

“ಗಿಡಾ ಏನಂತು?”

“ಏನೂ ಅನ್ನಲಿಲ್ರಿ ಸರ,” ಎಂದ ಮಾರುತಿ, ಇಷ್ಟು ಓದಿದವರಿಗೆ ಇದೂ ತಿಳಿಯದೇ ಎಂಬಂತೆ. “ಅದು ಏನೂ ಅನ್ನಬಾರದು. ಹಂಗಿದ್ರ ಮುಂದಿನದು ಖರೆ ಕೇಳಸ್ತೈತಿ.”

ಮೂರೂ ಬೇರಿಂಗು ಕೇಳಿ ಮುಗಿಸಿ, ಜಿನ್ನಪ್ಪನ ಕಡೆ ತಿರುಗಿ, “ಹಚ್ರಿ” ಎಂದ. ಪಕ್ಕದ ಖಾಲಿ ಒಲೆಯಲ್ಲಿ ಕಡ್ಡಿ ಗೀರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.